ಕೆಟ್ಟು ಹೋದವು ಅನ್ನಬೇಡ

ವಿಜಯಪುರ

ಚಿರಂಜೀವಿ ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ನಿನ್ನ ಕಾಕು ಮೊನ್ನೆ ಶೇಂಗಾ ಹೋಳಿಗೆ ಮಾಡಿದ್ದಳು. ನಿನ್ನ ಪಾಲು ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ.

ಭಾನುವಾರ ರಾತ್ರಿ ಫೋನಿನಲ್ಲಿ ನೀನು ಆಡಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ಕಾಕಾ, ಕೋಶಗಳೆಲ್ಲ ಕೆಟ್ಟು ಹೋದವು" ಅಂದೆ. ಇಲಿಯ ಮಹಾಧಮನಿಯಿಂದ ತೆಗೆದು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಸ್ಮೂತ್ ಮಸಲ್ ಕೋಶಗಳು, ಅಂದರೆ ರಕ್ತನಾಳದ ಗೋಡೆಯನ್ನು ಬಿಗಿಹಿಡಿಯುವ ಸ್ನಾಯುಕೋಶಗಳು, ಮೊದಲು ಲಾಳಿಯ ಹಾಗೆ ಎರಡೂ ತುದಿ ಚೂಪಾಗಿದ್ದವು, ಈಗ ಅಗಲಕ್ಕೆ ಹರಡಿವೆ, ಬಿಗಿಯುವ ಪ್ರೋಟೀನುಗಳು ಕಡಿಮೆಯಾಗಿವೆ, ಸುಮ್ನೆ ಒಂದೇ ಸಮ ಮರಿ ಹಾಕುತ್ತಿವೆ ಅಂದೆ. ಆಮೇಲೆ ದನಿ ಸಣ್ಣದಾಯಿತು. ನೀನು ಅತ್ತಿದ್ದು ನನಗೆ ಗೊತ್ತಾಯಿತು ಮಗಳೇ.

ಫೋನಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ನಿನ್ನಷ್ಟು ಓದಿದವನೂ ಅಲ್ಲ. ಆದರೆ 34 ವರ್ಷ ಪೆಥಾಲಜಿ ಲ್ಯಾಬಿನಲ್ಲಿ ಮೇಣದ ಬ್ಲಾಕು ಕೊಯ್ದು ಸ್ಲೈಡು ಮಾಡಿದವನು. ರಕ್ತನಾಳದ ಗೋಡೆಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆ ಧೈರ್ಯದ ಮೇಲೆ ಹೇಳುತ್ತೇನೆ. ನಿನ್ನ ಕೋಶಗಳು ಕೆಟ್ಟಿಲ್ಲ. ಗಾಯವಾಗಿದೆ ಅಂತ ನೀನೇ ಅವಕ್ಕೆ ಸುದ್ದಿ ಮುಟ್ಟಿಸಿದ್ದೀಯ.

ಹೇಗೆ ಅಂತೀಯಾ? ಕೋಶ ಬೆಳೆಯಲಿ ಅಂತ ತಟ್ಟೆಗೆ ಹಾಕಿದ ಸೀರಂ, ಆ ತಿಳಿ ದ್ರವ, ಎಲ್ಲಿಂದ ಬಂತು, ಯೋಚಿಸು. ಹೆಪ್ಪುಗಟ್ಟಿದ ರಕ್ತದಿಂದ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್ ಅನ್ನುವ ರಕ್ತದ ಪುಟ್ಟ ಕಣಗಳು ತಮ್ಮೊಳಗಿನದನ್ನೆಲ್ಲ ಹೊರಗೆ ಚೆಲ್ಲುತ್ತವೆ. ಸಿಯಾಟಲ್‌ನ ರಸೆಲ್ ರಾಸ್ 1974ರಲ್ಲಿ ತೋರಿಸಿದ್ದು ಇದನ್ನೇ. ಪ್ಲೇಟ್‌ಲೆಟ್ ತೆಗೆದ ಪ್ಲಾಸ್ಮಾದಿಂದ ಮಾಡಿದ ಸೀರಂ ಕೊಟ್ಟರೆ ಈ ಕೋಶಗಳು ಹೆಚ್ಚು ಕಡಿಮೆ ಸುಮ್ಮನಿದ್ದವು. ಪ್ಲೇಟ್‌ಲೆಟ್‌ನ ಅಂಶ ಸೇರಿಸಿದ ಕೂಡಲೇ ಬೆಳೆಯತೊಡಗಿದವು. ಆ ಅಂಶಕ್ಕೇ ಮುಂದೆ ಪಿಡಿಜಿಎಫ್, ಅಂದರೆ ಪ್ಲೇಟ್‌ಲೆಟ್‌ನಿಂದ ಬರುವ ಬೆಳವಣಿಗೆಯ ಅಂಶ, ಅಂತ ಹೆಸರು ಬಂತು. ಮೈಯೊಳಗೆ ನಾಳದ ನಡುಪದರದಲ್ಲಿ ಕೂತ ಕೋಶಕ್ಕೆ ಇದು ದಿನವೂ ಸಿಗುವ ವಸ್ತುವಲ್ಲ. ಒಳಪದರ ಹರಿದು, ಅಲ್ಲಿ ಪ್ಲೇಟ್‌ಲೆಟ್ ಬಂದು ಅಂಟಿದಾಗ ಸಿಗುತ್ತದೆ. ನೀನು ಆ ಕೋಶವನ್ನು ಗೋಡೆಯಿಂದ ಕಿತ್ತೆ, ಅಕ್ಕಪಕ್ಕದವರನ್ನು ಬಿಡಿಸಿದೆ, ಸುತ್ತಲಿನ ಎಲಾಸ್ಟಿನ್, ಅಂದರೆ ರಬ್ಬರಿನ ಹಾಗೆ ಹಿಗ್ಗುವ ಪ್ರೋಟೀನು, ಕರಗಿಸಿದೆ, ಸೀರಂ ಸುರಿದೆ. ಅದು ಇನ್ನೇನು ಮಾಡಬೇಕಿತ್ತು? ಬಿಗಿಯುವ ಕೆಲಸ ಬಿಟ್ಟು ಕಟ್ಟುವ ಕೆಲಸಕ್ಕೆ ಇಳಿಯಿತು.

ನೀನು ಚಿಕ್ಕವಳಿದ್ದಾಗ ನಿನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಗಂಜ್ ಅನ್ನುವ ಹಳೆಯ ನೀರಿನ ಗೋಪುರ ತೋರಿಸಲು ಹೋಗಿದ್ದೆ, ನೆನಪಿದೆಯಾ? ಆದಿಲ್‌ಶಾಹಿಗಳ ಕಾಲದಲ್ಲಿ ಬೇಗಂ ತಲಾಬ್‌ನಿಂದ ನಮ್ಮ ಊರಿನೊಳಗೆ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಒತ್ತಡ ಜಾಸ್ತಿಯಾಗಿ ಕೊಳವೆ ಒಡೆಯಬಾರದು ಅಂತ ದಾರಿಯಲ್ಲಿ ಅಲ್ಲಲ್ಲಿ ಆ ಗೋಪುರ ಕಟ್ಟಿದ್ದರು. ನಮ್ಮ ಮೈಯಲ್ಲಿ ಒತ್ತಡ ತಡೆಯುವ ಆ ಕೆಲಸವನ್ನು ಮಹಾಧಮನಿಯ ಗೋಡೆಯೇ ಮಾಡುತ್ತದೆ. ಹೃದಯ ಒತ್ತಿದಾಗ ಹಿಗ್ಗುತ್ತದೆ, ಬಿಟ್ಟಾಗ ಮತ್ತೆ ಮೊದಲಿನಂತಾಗಿ ರಕ್ತವನ್ನು ಮುಂದೆ ನೂಕುತ್ತದೆ. ಆದರೆ ಮಣ್ಣಿನ ಕೊಳವೆ ಹೂತ ಗೌಂಡಿ ಕೆಲಸ ಮುಗಿಸಿ ಮನೆಗೆ ಹೋದ. ರಕ್ತನಾಳದ ಗೌಂಡಿ ಎಲ್ಲೂ ಹೋಗುವುದಿಲ್ಲ. ತಾನು ಕಟ್ಟಿದ ಗೋಡೆಯೊಳಗೇ ಉಳಿದು, ಅದನ್ನು ಬಿಗಿಹಿಡಿದು ನಿಲ್ಲುತ್ತಾನೆ. ಬಿರುಕು ಬಿಟ್ಟ ದಿನ ಮತ್ತೆ ಕರಣೆ ಕೈಗೆ ತೆಗೆದುಕೊಳ್ಳುತ್ತಾನೆ. ಹೃದಯದ ಸ್ನಾಯುಕೋಶಕ್ಕೆ ಒಮ್ಮೆ ಬಲಿತ ಮೇಲೆ ಹೀಗೆ ಹಿಂದೆ ತಿರುಗುವುದು ಆಗುವುದಿಲ್ಲ. ಇದಕ್ಕೆ ಆಗುತ್ತದೆ.

ಗರ್ಭದಲ್ಲಿ ಏನಾಗುತ್ತದೆ ಎಂದು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೊದಲು ಒಳಪದರದ ಬರಿ ಕೊಳವೆ. ಅದು ಸುತ್ತಲಿನ ಕೋಶಗಳನ್ನು ಕರೆಯುತ್ತದೆ. ಆ ಕರೆ ಯಾವುದು ಗೊತ್ತಾ? ಅದೇ ಪಿಡಿಜಿಎಫ್. ಗಾಯದಲ್ಲಿ ಕೂಗುವ ದನಿಯೇ ಗರ್ಭದಲ್ಲೂ ಕೂಗುತ್ತದೆ. ಬಂದ ಕೋಶಗಳು ಮರಿ ಹಾಕುತ್ತವೆ, ಸುತ್ತಿಕೊಳ್ಳುತ್ತವೆ, ಎಲಾಸ್ಟಿನ್ ಹಾಳೆ ನೇಯುತ್ತವೆ. ಎಲ್ಲವೂ ಒಂದೇ ಮನೆತನದವೂ ಅಲ್ಲ. ಮಹಾಧಮನಿಯ ಕಮಾನಿಗೆ ಬರುವವು ನರದ ಮೂಲದ ಕಡೆಯಿಂದ, ಎದೆಯ ಕೆಳಗಿಳಿಯುವ ಭಾಗದವು ಬೆನ್ನಿನ ಕಡೆಯಿಂದ, ಹೃದಯದ ಸ್ವಂತ ನಾಳಗಳವು ಹೃದಯದ ಹೊರಹೊದಿಕೆಯ ಕಡೆಯಿಂದ. ನಿನ್ನ ಇಲಿಯಲ್ಲಿ ಯಾವ ಭಾಗದಿಂದ ಕತ್ತರಿಸಿದೆ ಅಂತ ಬರೆದಿಟ್ಟಿದ್ದೀಯಾ? ಬರೆದಿಲ್ಲ ಅಂದರೆ ಇವತ್ತಿನಿಂದ ಬರಿ. ಕಮಾನಿನ ಕೋಶ, ಕೆಳಗಿನ ಕೋಶ ಒಂದೇ ಕರೆಗೆ ಒಂದೇ ರೀತಿ ಓಗೊಡಬೇಕು ಅಂತೇನಿಲ್ಲ.

ಎಲಾಸ್ಟಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮನುಷ್ಯ ಅದನ್ನು ಬಹುಪಾಲು ಗರ್ಭದಲ್ಲಿ ಮತ್ತು ಎಳೆ ವಯಸ್ಸಿನಲ್ಲಿ ತಯಾರಿಸಿಕೊಳ್ಳುತ್ತಾನೆ. ಅದರ ಮೇಲೇ ಬದುಕಿಡೀ ನಡೆಯಬೇಕು. 1998ರಲ್ಲಿ ಎಲಾಸ್ಟಿನ್ ಜೀನ್ ತೆಗೆದ ಇಲಿಮರಿಗಳ ಬಗ್ಗೆ ಬರೆದರು. ನಾನು ನಾಳ ಸಡಿಲವಾಗಿ ಒಡೆದು ಸತ್ತಿರಬೇಕು ಅಂದುಕೊಂಡಿದ್ದೆ. ಹಾಗಲ್ಲ. ಸ್ಮೂತ್ ಮಸಲ್ ಕೋಶಗಳು ತಡೆಯೇ ಇಲ್ಲದೆ ಬೆಳೆದು ನಾಳದ ದಾರಿ ಮುಚ್ಚಿಹೋಗಿ, ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತವು. ಅಂದರೆ ಆ ಹಾಳೆ ಬರಿ ರಬ್ಬರಲ್ಲ. "ಗೋಡೆ ಆಯಿತು, ಇನ್ನು ಸಾಕು" ಅಂತ ಕೋಶಕ್ಕೆ ಹೇಳುವುದೂ ಅದೇ. ತಟ್ಟೆಯಲ್ಲಿ ಆ ಮಾತು ಹೇಳುವವರು ಯಾರಿದ್ದಾರೆ, ಹೇಳು?

ಇನ್ನು ನಿನ್ನ ಆಯಿ, ಅಂದರೆ ನನ್ನ ಅವ್ವ. ಅವ್ವನ ಕೈ ನೀನು ಎಷ್ಟೋ ಸಲ ಹಿಡಿದಿದ್ದೀಯ. ಡಯಾಲಿಸಿಸ್ ಶುರುವಾಗುವ ಮೊದಲು ಅವಳ ಎಡ ಮಣಿಕಟ್ಟಿನ ಹತ್ತಿರ ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿ ಫಿಸ್ಟುಲಾ ಮಾಡಿದರು. ಎರಡು ತಿಂಗಳು ಕಾಯಬೇಕು ಅಂದರು. ನಾನು ದಿನಾ ಬೆಳಿಗ್ಗೆ ಅಲ್ಲಿ ಎರಡು ಬೆರಳಿಟ್ಟು ನೋಡುತ್ತಿದ್ದೆ. ಒಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತಿತ್ತು. ಮೊದಮೊದಲು ನೂಲಿನ ಹಾಗಿದ್ದ ಆ ಅಭಿಧಮನಿ ದಿನ ಕಳೆದಂತೆ ಚರ್ಮದ ಕೆಳಗೆ ಹಗ್ಗದ ಹಾಗೆ ಎದ್ದಿತು. ಅದು ಯಾರ ಕೆಲಸ? ತೆಳ್ಳಗಿನ ಗೋಡೆಗೆ ಅಪಧಮನಿಯ ಒತ್ತಡ ಬಂದು ಬಡಿದಾಗ ಒಳಗಿನ ಕೋಶಗಳು ಎದ್ದು ಗೋಡೆ ದಪ್ಪ ಮಾಡಿದವು. ಸೂಜಿ ತಡೆಯುವ ಶಕ್ತಿ ಬಂತು. ಅವ್ವ ಆಮೇಲೆ ಆರು ವರ್ಷ ಬದುಕಿದ್ದು ಆ ಕೋಶಗಳ ಪುಣ್ಯದಿಂದ.

ಮೂರನೇ ವರ್ಷ ಆ ಗುಂಯ್ ಸಣ್ಣದಾಯಿತು. ನಾವು ನಾಲ್ಕು ದಿನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ನಮ್ಮದೇ ತಪ್ಪು. ಪರೀಕ್ಷೆ ಮಾಡಿದಾಗ ಜೋಡಣೆಯಿಂದ ಒಂದು ಬೆರಳು ಮೇಲೆ ನಾಳ ಕಿರಿದಾಗಿತ್ತು. ಬಲೂನ್ ಹಾಕಿ ಹಿಗ್ಗಿಸಬೇಕಾಯಿತು. ಅಲ್ಲಿ ದಾರಿ ಮುಚ್ಚುತ್ತಿದ್ದವು ಯಾವವು? ಗೋಡೆ ಕಟ್ಟಿಕೊಟ್ಟ ಅದೇ ಕೋಶಗಳು. ಕೈಯ ಅದೇ ಜಾಗದಲ್ಲಿ, ಅದೇ ಕೆಲಸ, ಒಮ್ಮೆ ಬದುಕಿಸಿತು, ಒಮ್ಮೆ ಉಸಿರು ಕಟ್ಟಿಸಿತು. ಅವತ್ತಿನಿಂದ ಈ ಕೋಶವನ್ನು ಒಳ್ಳೆಯದು, ಕೆಟ್ಟದ್ದು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಹೃದಯದ ನಾಳದಲ್ಲಿ ಕೊಬ್ಬು ಕೂತಾಗಲೂ ಕಥೆ ಹೀಗೇ. ಒಳಗೆ ಕೊಬ್ಬು, ಸತ್ತ ಕೋಶ, ಉರಿಯೂತ. ಅದರ ಮೇಲೆ ನಾರಿನ ಮುಚ್ಚಳ ಕಟ್ಟುವುದು ನಡುಪದರದಿಂದ ಎದ್ದು ಬಂದ ಸ್ಮೂತ್ ಮಸಲ್ ಕೋಶ. ಮುಚ್ಚಳ ಗಟ್ಟಿಯಿದ್ದರೆ ಮನುಷ್ಯ ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾನೆ. ತೆಳ್ಳಗಾಗಿ ಹರಿದರೆ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್. ಅದೇ ವಂಶದ ಇನ್ನೊಂದಷ್ಟು ಕೋಶಗಳು ಕೊಬ್ಬು ನುಂಗಿ ಉಬ್ಬಿ, ಬಿಳಿ ರಕ್ತಕಣದ ವೇಷ ಹಾಕಿಕೊಂಡು ಕೂತಿರುತ್ತವೆ. ನಮ್ಮ ಕಾಲದಲ್ಲಿ ಅವನ್ನು ನೋಡಿ ಮ್ಯಾಕ್ರೋಫೇಜ್, ಅಂದರೆ ಕಸ ನುಂಗುವ ಬಿಳಿ ರಕ್ತಕಣ, ಅಂತಲೇ ಬರೆದುಬಿಡುತ್ತಿದ್ದರು. ಬಣ್ಣ ಹಾಗೆ ಹೇಳುತ್ತಿತ್ತು. 2015ರಲ್ಲಿ ವರ್ಜೀನಿಯಾದ ಗ್ಯಾರಿ ಓವೆನ್ಸ್ ಅವರ ತಂಡ ಇಲಿಗಳಲ್ಲಿ ಈ ಕೋಶಗಳಿಗೆ ಅಳಿಸಲಾಗದ ಗುರುತು ಹಾಕಿ ಹಿಂಬಾಲಿಸಿದಾಗ, ಅವುಗಳಲ್ಲಿ ಬಹಳಷ್ಟು ತಮ್ಮ ಹಳೆಯ ಗುರುತೆಲ್ಲ ಬಿಟ್ಟುಕೊಟ್ಟಿದ್ದು ಕಂಡಿತು. ನೀನು ಆ ಲೇಖನ ಕಳಿಸಿದಾಗ ನಾನು ರಾತ್ರಿ ಎರಡು ಗಂಟೆವರೆಗೆ ಓದಿದೆ. ನನ್ನ ಕೈಯಿಂದ ಹೋದ ಎಷ್ಟು ಸ್ಲೈಡುಗಳಿಗೆ ತಪ್ಪು ಹೆಸರು ಬಿತ್ತೋ ಅಂತ ಅನಿಸಿತು.

ಅದಕ್ಕೇ ಹೇಳುವುದು, ಒಂದು ಬಣ್ಣ ನಂಬಿ ಹೆಸರಿಡಬೇಡ. ಬಿಗಿಯುವ ಪ್ರೋಟೀನುಗಳಲ್ಲಿ ಆಲ್ಫಾ ಆಕ್ಟಿನ್ ಒಂದೇ ನೋಡಿ ಬಿಡಬೇಡ, ಗಾಯದ ಜಾಗದ ಬೇರೆ ಕೋಶಗಳೂ ಅದನ್ನು ತೊಡುತ್ತವೆ. ಸ್ಮೂತ್ ಮಸಲ್ ಮಯೋಸಿನ್ ಕೂಡ ನೋಡು.

ನನ್ನ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದು ಸಣ್ಣ ಅಪಧಮನಿಯ ತುಂಡನ್ನು ಮೇಣದಲ್ಲಿ ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಕೂರಿಸಿದ್ದೆ. ಸಂಜೆಯಾಗಿತ್ತು, ಬಸ್ಸಿಗೆ ಹೊತ್ತಾಗಿತ್ತು. ನಾಲ್ಕೈದು ಮೈಕ್ರಾನಿನ ಹಾಳೆ ಕೊಯ್ದು ಬಿಸಿನೀರಿನ ಮೇಲೆ ತೇಲಿಸಿ ಗಾಜಿಗೆ ಎತ್ತಿದೆ. ಬಣ್ಣ ಚೆನ್ನಾಗಿ ಬಂದಿತ್ತು. ಎಲಾಸ್ಟಿನ್ ಕಪ್ಪು, ನಾರು ಕೆಂಪು, ಸ್ನಾಯು ಹಳದಿ. ನೋಡಿದ ಕಿರಿಯ ಡಾಕ್ಟರು ಗೋಡೆ ದಪ್ಪವಾಗಿದೆ ಅಂತ ಬರೆದರು. ದೊಡ್ಡ ಡಾಕ್ಟರು ಕಣ್ಣಿಟ್ಟ ಕೂಡಲೇ ನನ್ನನ್ನು ಕರೆದರು. "ಒಂದು ಕಡೆ ದಪ್ಪ, ಎದುರು ಕಡೆ ತೆಳು. ಇದು ರೋಗ ಅಲ್ಲ, ನಿನ್ನ ಬ್ಲೇಡಿನ ಓರೆ. ಬ್ಲಾಕು ಕರಗಿಸಿ ತಿರುಗಿಸಿ ಕೂರಿಸು" ಅಂದರು. ಮತ್ತೆ ಕೊಯ್ದಾಗ ಗೋಡೆ ಸುತ್ತಲೂ ಸಮ ಇತ್ತು. ಓರೆಗೆ ಕತ್ತರಿಸಿದ ಸವತೆಕಾಯಿ ಉದ್ದ ಕಾಣುತ್ತದಲ್ಲ, ಅದೇ ಲೆಕ್ಕ. ಬಹಳ ದಿನ ಬಿಪಿ ಇದ್ದವರಲ್ಲಿ ಈ ಗೋಡೆ ದಪ್ಪವಾಗುತ್ತದೆ, ಹಾಗಾಗಿ ಆ ರೋಗಿಗೆ ಬಿಪಿ ಹಳೆಯದು ಅಂತ ನನ್ನ ಅವಸರ ಬರೆಸಿಬಿಡುತ್ತಿತ್ತು.

ಹಾಗಂತ ನಿಜವಾದ ಬದಲಾವಣೆ ಇಲ್ಲವೆಂದಲ್ಲ. ಕಿಡ್ನಿ ಕಾಯಿಲೆಯವರ ಅಪಧಮನಿ ಕೊಯ್ಯುವಾಗ ಬ್ಲೇಡು ಕರ್ ಅನ್ನುವುದನ್ನು ನಾನು ಕೇಳಿದ್ದೇನೆ. ಸುಣ್ಣ. ರಕ್ತದಲ್ಲಿ ಫಾಸ್ಫೇಟ್ ಜಾಸ್ತಿಯಾದಾಗ ಈ ಕೋಶ ಮೂಳೆಯ ಕೋಶದ ಗುಣ ತಾಳಿ ಗೋಡೆಯಲ್ಲಿ ಸುಣ್ಣ ಕೂರಿಸುತ್ತದೆ. ಒಂದು ಸಲ ಬ್ಲೇಡಿನ ಬಾಯಿ ಮುರಿದು ಹಾಳೆ ಉದ್ದಕ್ಕೂ ಸೀಳಿಹೋಗಿತ್ತು. ಅದನ್ನು ಕಿವಿಯಿಂದ ಕೇಳಿದವನು ಮರೆಯುವುದಿಲ್ಲ.

ಈ ಕೋಶಗಳ ಬೆಳವಣಿಗೆ ತಡೆಯಲು ಹೋದವರ ಅನುಭವವನ್ನೂ ನೀನು ಓದು. 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್‌ಸಿಗ್ ಹೃದಯದ ನಾಳಕ್ಕೆ ಮೊದಲ ಬಲೂನ್ ಹಾಕಿದರು. ತೆರೆದ ನಾಳಗಳಲ್ಲಿ ಎಷ್ಟೋ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾದವು. ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ, ಸ್ಟೆಂಟ್, ಬಂದ ಮೇಲೂ ಒಳಗೆ ಕೋಶ ಬೆಳೆದು ತುಂಬುತ್ತಿತ್ತು. ಆಮೇಲೆ ರಾಪಾ ನೂಯಿ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ರಾಪಾಮೈಸಿನ್ ಅನ್ನುವ ಔಷಧಿಯನ್ನು ಸ್ಟೆಂಟಿಗೆ ಲೇಪಿಸಿದರು. ಕೋಶಗಳು ನಿಂತವು. ಆದರೆ ಒಳಪದರ ಮಾಯುವುದೂ ತಡವಾಯಿತು, ರಕ್ತ ಹೆಪ್ಪುಗಟ್ಟದ ಮಾತ್ರೆ ಜಾಸ್ತಿ ದಿನ ನುಂಗಬೇಕಾಯಿತು. ಗೌಂಡಿಯ ಕೈ ಕಟ್ಟಿದರೆ ಬಿರುಕು ಹಾಗೇ ಉಳಿಯುತ್ತದೆ ಅಲ್ವಾ.

ಈಗ ನೀನು ಮಾಡಬೇಕಾದ್ದು. ತಟ್ಟೆಗಳನ್ನು ಎಸೆಯಬೇಡ. ಕಿತ್ತ ದಿನದ, ಮೂರನೇ ದಿನದ, ಏಳನೇ ದಿನದ ಫೋಟೋ ಇದ್ದರೆ ಒಂದು ಸಾಲಿಗೆ ಇಡು. ಎಷ್ಟನೇ ಸಲ ಬೇರೆ ತಟ್ಟೆಗೆ ಹಾಕಿದ್ದು, ಸೀರಂ ಎಷ್ಟು, ಯಾವ ಬಾಟಲಿ, ಎಲ್ಲ ಬರಿ. ಕೆಲವು ತಟ್ಟೆಗಳಿಗೆ ಸೀರಂ ಕಡಿಮೆ ಮಾಡಿ, ಕೋಶಗಳು ಒಂದಕ್ಕೊಂದು ತಾಗುವಷ್ಟು ದಟ್ಟವಾಗಲು ಬಿಡು. ಒಂದಿಷ್ಟಾದರೂ ಹಳೆಯ ಕೆಲಸಕ್ಕೆ ಮರಳುತ್ತವೆಯಾ ನೋಡು. ಮರಳದಿದ್ದರೆ ಅದನ್ನೂ ಹಾಗೇ ಬರಿ. ನಿನ್ನ ಗೈಡ್‌ಗೆ ಮುಚ್ಚಿಡದೆ ಎಲ್ಲ ತೋರಿಸು. "ಕೆಟ್ಟಿವೆ" ಅನ್ನಬೇಡ. "ಐದನೇ ಸಲಕ್ಕೆ ಹೀಗೆ ಬದಲಾಗಿವೆ" ಅನ್ನು. ಮೊದಲನೆಯ ಮಾತಿಗೆ ಅವರು ಬೈಯಬಹುದು, ಎರಡನೆಯದಕ್ಕೆ ಪ್ರಶ್ನೆ ಕೇಳಲೇಬೇಕು.

ರಾತ್ರಿ ಊಟ ಬಿಡಬೇಡ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬರುತ್ತೀಯಾ ಅಂತ ನಿನ್ನ ಅಪ್ಪ ಕೇಳುತ್ತಿದ್ದ.

ಹೋಳಿಗೆ ಡಬ್ಬಿಯ ಜೊತೆ ಒಂದು ಪುಟ್ಟ ಪೆಟ್ಟಿಗೆ ಕಳಿಸುತ್ತಿದ್ದೇನೆ. ಒಳಗೆ ಎರಡು ಸ್ಲೈಡು ಇವೆ. ಕೆಲಸ ಕಲಿಯುವ ಹುಡುಗರಿಗೆ ತೋರಿಸಲು ನಾನೇ ಮಾಡಿದ್ದವು, ಮಟನ್ ಅಂಗಡಿಯಿಂದ ತಂದ ಆಡಿನ ಅಪಧಮನಿ. ಒಂದು ನೆಟ್ಟಗೆ ಕೊಯ್ದದ್ದು, ಇನ್ನೊಂದು ಓರೆಗೆ. ಯಾವುದು ಯಾವುದು ಅಂತ ಚೀಟಿ ಅಂಟಿಸಿಲ್ಲ. ಎರಡನ್ನೂ ಹತ್ತಿಯಲ್ಲಿ ಸುತ್ತಿದ್ದೇನೆ, ಬಿಚ್ಚುವಾಗ ಜೋಪಾನ. ನೋಡಿ ಫೋನ್ ಮಾಡು.

ನಿನ್ನ ಕಾಕಾ