ದೋಸ್ತ, ಸ್ಪೀಕರ್ ಆನ್ ಇತ್ತು

ದೋಸ್ತ,

ಮೊನ್ನೆ ಫೋನಿನಲ್ಲಿ "ದೇಶಕ್ಕೆ ವಯಸ್ಸಾಗ್ತಿದೆಯಂತೆ, ಇನ್ನೊಂದು ಮಗು ಮಾಡ್ಕೋಲೇ" ಅಂತ ನಕ್ಕೆಯಲ್ಲ, ಆಗ ಸ್ಪೀಕರ್ ಆನ್ ಇತ್ತು. ಹೆಂಡತಿ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯಿತು. ಅದಕ್ಕೇ ನಾನು "ಆಮೇಲೆ ಮಾಡ್ತೀನಿ" ಅಂತ ಕಟ್ ಮಾಡಿದ್ದು. ಆಗ ಹೇಳಬೇಕಿದ್ದನ್ನು ಈಗ ಬರೆಯುತ್ತಿದ್ದೇನೆ. ನಮ್ಮ ಬ್ಯಾಚಿನ ಉಳಿದವರೂ ಓದಲಿ ಅಂತ ಎಲ್ಲರ ಕಣ್ಣಿಗೆ ಬೀಳುವ ಹಾಗೇ ಹಾಕಿದ್ದೇನೆ, ಬೇಜಾರಾಗಬೇಡ.

ಕಾರಟಗಿ ಕಡೆಯ ನಮ್ಮ ಶಾಲೆಗೆ ಹೋದ ತಿಂಗಳು ಒಬ್ಬ ಹಿರಿಯರು ಬಂದಿದ್ದರು. ಪಿಂಚಣಿಗೆ ಹುಟ್ಟಿದ ತಾರೀಖಿನ ದಾಖಲೆ ಬೇಕಿತ್ತು. ಬೀರುವಿನ ತಳದಿಂದ ಹಳೆ ದಾಖಲಾತಿ ಪುಸ್ತಕ ತೆಗೆದೆ. ದಾರ ಕಟ್ಟಿದ್ದು, ಅಂಚು ಹುಳ ತಿಂದದ್ದು, ಮುಟ್ಟಿದರೆ ಪುಡಿ. ಅರ್ಧಕ್ಕರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ, ಗೊತ್ತಲ್ಲ ನಿನಗೆ, ನಂದೂ ನಿಂದೂ ಅದೇ ತಾರೀಖು! ಅವರ ಹೆಸರು ಹುಡುಕುತ್ತಾ ಹುಡುಕುತ್ತಾ ಇನ್ನೊಂದು ಕಣ್ಣಿಗೆ ಬಿತ್ತು. ಒಂದೇ ತಂದೆಯ ಹೆಸರು, ಎರಡು ವರ್ಷಕ್ಕೊಮ್ಮೆ, ಒಮ್ಮೊಮ್ಮೆ ಮೂರು ವರ್ಷಕ್ಕೆ, ಹೀಗೆ ಏಳು ಸಲ. ಮಾಸ್ತರರ ಅಕ್ಷರ ಬದಲಾಗಿದೆ, ಮಸಿ ಬದಲಾಗಿದೆ, ಅಪ್ಪನ ಹೆಸರು ಮಾತ್ರ ಅದೇ. ಆ ಮನೆಯ ಮೊಮ್ಮಗ ಈಗ ನನ್ನ ಕ್ಲಾಸಿನಲ್ಲಿದ್ದಾನೆ. ಅವನಿಗೆ ಒಬ್ಬಳೇ ಅಕ್ಕ. ಅಲ್ಲಿಗೆ ಮುಗಿಯಿತು. ಈ ಸಲ ಒಂದನೇ ತರಗತಿಗೆ ಸೇರಿದ್ದು ಹನ್ನೊಂದು ಮಕ್ಕಳು. ಇದರಲ್ಲಿ ಇಂಗ್ಲಿಷ್ ಮೀಡಿಯಂ ವ್ಯಾನಿನ ಪಾಲೂ ಇದೆ, ಸುಳ್ಳು ಹೇಳಬಾರದು. ಆದರೆ ಅಂಗನವಾಡಿಯಲ್ಲೂ ಮಕ್ಕಳು ಕಡಿಮೆಯೇ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಒಬ್ಬ ಹೆಂಗಸು ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಅನ್ನುವುದಕ್ಕೆ ಫಲವತ್ತತೆ ದರ ಅಂತಾರೆ (ಹೊಲಕ್ಕೆ ಹೇಳುವ ಮಾತು, ಹೆಂಗಸಿಗೆ ಯಾಕೆ ತಂದರೋ). 1950ರ ಹೊತ್ತಿಗೆ ಅದು ಸುಮಾರು 6 ಇತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಸಲ ನಡೆದಾಗ, 1992-93ರಲ್ಲಿ, 3.4. 2005-06ಕ್ಕೆ 2.7. 2019-21ಕ್ಕೆ 2.0. ಕರ್ನಾಟಕದ್ದು 1.7, ಬಿಹಾರದ್ದು ಇನ್ನೂ 3. ಅಪ್ಪ ಅವ್ವನ ಜಾಗಕ್ಕೆ ಅಷ್ಟೇ ಜನ ಬರಬೇಕು ಅಂದರೆ 2.1 ಬೇಕು, ನಾವು ಅದರ ಕೆಳಗೆ ಇಳಿದಿದ್ದೇವೆ. ಹಾಗಿದ್ದರೂ 2023ರಲ್ಲಿ ಚೀನಾವನ್ನು ಹಿಂದೆ ಹಾಕಿದೆವಲ್ಲ ಅಂತ ಕೇಳ್ತೀಯ. ದರ ಜಾಸ್ತಿ ಇದ್ದ ಕಾಲದಲ್ಲಿ ಹುಟ್ಟಿದವರೇ ರಾಶಿ ಜನ, ಈಗ ಅವರೇ ಅಪ್ಪ ಅವ್ವ ಆಗಿದ್ದಾರೆ. ಇಬ್ಬಿಬ್ಬರನ್ನೇ ಹೆತ್ತರೂ ಇನ್ನೊಂದಿಷ್ಟು ವರ್ಷ ಸಂಖ್ಯೆ ಏರುತ್ತದೆ.

ಇಳಿದದ್ದು ಯಾಕೆ? ಗೋಡೆ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನ, "ನಾವಿಬ್ಬರು ನಮಗಿಬ್ಬರು" ನೋಡಿ ಅಂತ ನಾನು ಬಹಳ ವರ್ಷ ನಂಬಿದ್ದೆ. ಅವ್ವನನ್ನು ಕೇಳಿದೆ. "ಎಂಟು ಹಡದೆ, ಐದು ಉಳದ್ವು" ಅಂದಳು, ಅಕ್ಕಿ ಆರಿಸುವುದನ್ನು ನಿಲ್ಲಿಸದೆ. "ಯಾವುದು ಉಳೀತದೋ ಯಾವುದು ಹೋಗ್ತದೋ ಗೊತ್ತಿರಲಿಲ್ಲಪ್ಪ. ಇದ್ದದ್ದು ಉಳೀತಾವ ಅನ್ನೋ ಧೈರ್ಯ ಬಂದ ಮ್ಯಾಲೆ ಯಾರು ಹಡೀತಾರ?" ಆ ಮೂರು ಕೂಸುಗಳ ಹೆಸರು ಯಾವ ದಾಖಲಾತಿ ಪುಸ್ತಕದಲ್ಲೂ ಇಲ್ಲ. 1992-93ರಲ್ಲಿ ಕೂಡ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 79 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು, 2019-21ಕ್ಕೆ ಅದು 35. ಜೊತೆಗೆ ಹುಡುಗಿಯರು ಶಾಲೆಗೆ ಬಂದರು. ಶಾಲೆ ಮೆಟ್ಟಿಲೇ ಹತ್ತದವರ ದರ 2.8, ಹನ್ನೆರಡು ವರ್ಷ ಇಲ್ಲವೇ ಅದಕ್ಕೂ ಜಾಸ್ತಿ ಓದಿದವರದು 1.8.

ಆದರೆ ನಾನು ಹೇಳಬೇಕಾದದ್ದು ಬೇರೆ ಇದೆ. ಈ ಲೆಕ್ಕ ಇಳಿಸಿದ್ದು ಯಾರ ಮೈ? ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಜಾಸ್ತಿ ಜನಕ್ಕೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿದರು, ಹೆಚ್ಚಿನವರು ಗಂಡಸರು, ಎಷ್ಟೋ ಕಡೆ ಬಲವಂತವಾಗಿ. ಗಂಡಸರು ಸಿಟ್ಟಾದರು, ಸರಕಾರವೇ ಬಿದ್ದುಹೋಯಿತು. ಆಮೇಲೆ ಬಂದವರು ಗಂಡಸರ ತಂಟೆಗೆ ಹೋಗದೆ ಹೆಂಗಸರ ಕಡೆ ತಿರುಗಿದರು. 2019-21ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು 57 ಪರ್ಸೆಂಟ್ ಆಪರೇಷನ್ ಆದವರು. ಗಂಡಸರದು? ಇಡೀ ದೇಶದಲ್ಲಿ 0.3!

ಆ 0.3ರಲ್ಲಿ ನಾನಿಲ್ಲ. ಎರಡನೇ ಹೆರಿಗೆಯಾದಾಗ ನರ್ಸಮ್ಮ ಒಂದು ಫಾರಂ ತಂದರು, ಎಲ್ಲಿ ಸಹಿ ಮಾಡಬೇಕು ಅಂತ ಬೆರಳಿಟ್ಟು ತೋರಿಸಿದರು, ಮಾಡಿದೆ. "ನೀವು ಮಾಡಿಸ್ಕೊಳ್ತೀರಾ" ಅಂತ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. "ಗಂಡಸಿಗೆ ಮಾಡಿಸಿದ್ರ ನಿತ್ರಾಣ ಆಗ್ತದ" ಅಂತ ಅವ್ವ ಅಂದಾಗ, ಗಂಡಸಿನದು ಹೊಟ್ಟೆ ಕೊಯ್ಯದೆ ಅದೇ ದಿನ ಮನೆಗೆ ಕಳಿಸುವ ಆಪರೇಷನ್ ಅಂತ ಗೊತ್ತಿದ್ದೂ ಸುಮ್ನೆ ತಲೆ ಆಡಿಸಿದೆ. ಊರಿಗೆಲ್ಲಾ ಪಾಠ ಹೇಳುವ ಮಾಸ್ತರ! ಹೊಲಿಗೆ ಹಸಿ ಇರುವಾಗಲೇ ಅವಳು ಕೂಸನ್ನು ಎತ್ತಿಕೊಂಡು ಆಟೋ ಹತ್ತಿದ್ದು ನನಗೆ ಈಗಲೂ ಕಣ್ಣ ಮುಂದಿದೆ.

ಈಗ ಗಾಳಿ ತಿರುಗಿದೆ. ಮೂರು ಮಕ್ಕಳಿದ್ದರೆ ಪಂಚಾಯ್ತಿ ಚುನಾವಣೆಗೆ ನಿಲ್ಲಬಾರದು ಅಂತ ಪಕ್ಕದ ಆಂಧ್ರದಲ್ಲಿ 1994ರಿಂದ ಕಾನೂನಿತ್ತು, 2024ರಲ್ಲಿ ಅದನ್ನು ತೆಗೆದರು. ಅಲ್ಲಿಯ ಮುಖ್ಯಮಂತ್ರಿಯೇ ಜಾಸ್ತಿ ಹೆರಿ ಅನ್ನುತ್ತಿದ್ದಾರೆ. ಜನಸಂಖ್ಯೆ ನೋಡಿ ಲೋಕಸಭೆ ಸೀಟು ಹಂಚಿದರೆ ಕಡಿಮೆ ಹೆತ್ತ ರಾಜ್ಯಗಳಿಗೆ ಸೀಟು ಕಡಿಮೆಯಾದೀತು ಅನ್ನೋ ಭಯ ಬೇರೆ. ದಕ್ಷಿಣ ಕೊರಿಯಾ ನೋಡು, 1960ರಲ್ಲಿ ಫಲವತ್ತತೆ ದರ ನಮ್ಮ ಹಾಗೇ 6 ಇತ್ತು, 2023ಕ್ಕೆ 0.72. ಸರಕಾರ ದುಡ್ಡು ಸುರಿದು ಸುಸ್ತಾಗಿದೆ. ನೀನು ಹೇಳಿದ ಮುಪ್ಪಿನ ಚಿಂತೆ ಸುಳ್ಳಲ್ಲ. ನಾಳೆ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯಲು ಐದು ಜನ ಇರಲ್ಲ, ಒಬ್ಬರಿರುತ್ತಾರೆ, ಅವರೂ ಬೆಂಗಳೂರಲ್ಲಿರುತ್ತಾರೆ. ಆದರೆ ಸಾಕು ಅಂದಾಗಲೂ ಅವಳ ಹೊಟ್ಟೆ, ಇನ್ನೂ ಬೇಕು ಅಂದಾಗಲೂ ಅವಳ ಹೊಟ್ಟೆ, ಮಾತಾಡುವವರು ಮಾತ್ರ ನಾನು ನೀನು, ಅಲ್ವಾ?

ಆ ದಿನ ಫೋನ್ ಇಟ್ಟ ಮೇಲೆ ಹೆಂಡತಿ ರೊಟ್ಟಿ ತಂದು ತಟ್ಟೆಗೆ ಹಾಕಿದಳು. "ನಿಮ್ಮ ದೋಸ್ತರಿಗೆ ಹೇಳ್ರಿ, ಅವರಿಗೆ ಒಬ್ಬಾಕಿನೇ ಮಗಳು ಇದ್ದಾಳಲ್ಲ, ಮೊದಲು ತಮ್ಮ ಮನಿಯಾಗ ಕೇಳಿ ನೋಡ್ಲಿ" ಅಂದಳು. ಕೇಳಿ ನೋಡು. ಕೊಪ್ಪಳದ ಗವಿಮಠದ ಜಾತ್ರೆಗೆ ಬರ್ತೀಯಲ್ಲ, ನಿನ್ನ ಹೆಂಡತಿ ಏನಂದಳು ಅಂತ ಅಲ್ಲಿ ಹೇಳು. ಒಬ್ಬನೇ ಬರಬೇಡ ಮತ್ತೆ, ಮನೆಯವರನ್ನೂ ಕರ್ಕೊಂಡು ಬಾ.

ನಿನ್ನ ದೋಸ್ತ