ಪದ್ಯಕ್ಕೋ, ಚಿತ್ರಕ್ಕೋ?

ಪ್ರೀತಿಯ ಮಗಳೇ,

ನೀನು ಕಳಿಸಿದ ಫೋಟೊಗಳನ್ನು ನೋಡಿದೆ. ಎ. ಎ. ಮಿಲ್ನ್ ಅವರ ಮಕ್ಕಳ ಪದ್ಯಗಳ ಪುಸ್ತಕ ‘ವೆನ್ ವಿ ವರ್ ವೆರಿ ಯಂಗ್’, 1924ರ ಪ್ರತಿ. ಜಾಕೆಟ್ (ರಟ್ಟಿನ ಮೇಲಿನ ಕಾಗದದ ಹೊದಿಕೆ) ಇಲ್ಲ, ಪುಸ್ತಕದ ಬೆನ್ನು ಸ್ವಲ್ಪ ಮಾಸಿದೆ. ತೆಗೆದುಕೊಳ್ಳಲಾ ಎಂದು ಕೇಳಿದ್ದೀಯ. ಅದಕ್ಕೂ ಮೊದಲು ನೀನು ಹೇಳು: ನೀನು ಮಕ್ಕಳ ಪದ್ಯಗಳ ಹಳೆಯ ಪುಸ್ತಕ ಕೂಡಿಡುತ್ತಿರುವುದು ಪದ್ಯಕ್ಕಾಗಿಯೋ, ಚಿತ್ರಕ್ಕಾಗಿಯೋ?

ಸುಮ್ನೆ ಕೇಳುತ್ತಿಲ್ಲ. ಎಷ್ಟೋ ಮಕ್ಕಳ ಪದ್ಯಗಳಿಗೆ ಚಿತ್ರ ಸಿಕ್ಕಿದ್ದು ಆಮೇಲೆ. ಸ್ಟೀವನ್‌ಸನ್ ಅವರ ‘ಎ ಚೈಲ್ಡ್ಸ್ ಗಾರ್ಡನ್ ಆಫ್ ವರ್ಸಸ್’ 1885ರಲ್ಲಿ ಬಂದಾಗ ಒಳಗೆ ಚಿತ್ರಗಳೇ ಇರಲಿಲ್ಲ. ಚಾರ್ಲ್ಸ್ ರಾಬಿನ್‌ಸನ್ ಚಿತ್ರ ಬರೆದ ಪುಸ್ತಕ ಬರಲು ಇನ್ನೂ ಸುಮಾರು ಹತ್ತು ವರ್ಷ ಬೇಕಾಯಿತು. ಕವಿ ಟಿ. ಎಸ್. ಎಲಿಯಟ್ ಅವರ ಬೆಕ್ಕಿನ ಪದ್ಯಗಳ ಪುಸ್ತಕದ್ದೂ ಇದೇ ಕಥೆ. 1939ರ ಮೊದಲ ಮುದ್ರಣದ ಹೊದಿಕೆಗೆ ಅವರೇ ಚಿತ್ರ ಗೀಚಿದ್ದರು. ನಿಕೋಲಸ್ ಬೆಂಟ್ಲಿ ಬರೆದ ಚಿತ್ರಗಳ ಜೊತೆ ಪುಸ್ತಕ ಬಂದದ್ದು 1940ರಲ್ಲಿ. ಮಾರುವವರು ‘ಮೊದಲ ಮುದ್ರಣ’ ಎಂದಾಗ ಯಾವುದರ ಮಾತು ಎಂದು ಕೇಳಲೇಬೇಕು. ಚಿತ್ರ ನೋಡುತ್ತಾ ಗಂಟೆಗಟ್ಟಲೆ ಕೂರುವ ನಿನಗೆ 1885ರ ಪ್ರತಿ ಯಾಕೆ? ರಾಬಿನ್‌ಸನ್ ಪ್ರತಿ ಹುಡುಕು.

ಕವಿಯೇ ಚಿತ್ರವನ್ನೂ ಬರೆದಿದ್ದರೆ ಈ ತಕರಾರಿಲ್ಲ. ಬ್ಲೇಕ್ 1789ರಲ್ಲಿ ‘ಸಾಂಗ್ಸ್ ಆಫ್ ಇನೊಸೆನ್ಸ್’ ಮಾಡಿದಾಗ ಪದ್ಯ, ಚಿತ್ರ ಎರಡನ್ನೂ ಒಂದೇ ತಾಮ್ರದ ಹಲಗೆಯ ಮೇಲೆ ಕೊರೆದು ಅಚ್ಚು ತೆಗೆದರು. ಬಣ್ಣ ಕೈಯಲ್ಲೇ ಹಚ್ಚಿದ್ದು. ಹಾಗಾಗಿ ಒಂದು ಪ್ರತಿ ಇನ್ನೊಂದರಂತಿಲ್ಲ. ಅದು ನಮ್ಮ ಕೈಗೆ ಎಟುಕುವುದಲ್ಲ ಬಿಡು! ಸುಕುಮಾರ್ ರಾಯ್ ಅವರ ಬಂಗಾಳಿ ‘ಆಬೋಲ್ ತಾಬೋಲ್’ ಕೂಡ ಹೀಗೆ ಒಬ್ಬರದೇ ಕೈಯ ಕೆಲಸ. ಅಚ್ಚಾದ ಪುಸ್ತಕವನ್ನು ಮಾತ್ರ ಅವರು ನೋಡಲಿಲ್ಲ. 1923ರ ಸೆಪ್ಟೆಂಬರ್ 19ರಂದು ಅದು ಹೊರಬಂತು. ಅವರು 10ರಂದೇ ತೀರಿಕೊಂಡಿದ್ದರು. ಆ ಮೊದಲ ಮುದ್ರಣ ಎಲ್ಲಾದರೂ ಕಣ್ಣಿಗೆ ಬಿದ್ದರೆ ನನಗೆ ತಕ್ಷಣ ಫೋನ್ ಮಾಡು.

ಹಳೆಯದೆಲ್ಲ ಅಪರೂಪ ಅಂದುಕೊಳ್ಳಬೇಡ. ಕೇಟ್ ಗ್ರೀನವೇ ಅವರ ‘ಅಂಡರ್ ದ ವಿಂಡೋ’ವನ್ನು 1879ರಲ್ಲಿ ಮೊದಲ ಸಲಕ್ಕೇ 20,000 ಪ್ರತಿ ಅಚ್ಚು ಹಾಕಿದ್ದರು. ಅದೂ ಸಾಲದೆ ಮತ್ತೆ ಹಾಕಿದರು. ಶೀರ್ಷಿಕೆ ಪುಟದಲ್ಲಿ ಇಸವಿ ಇಲ್ಲ. ಮರುಮುದ್ರಣವನ್ನೇ ಮೊದಲನೆಯದು ಎಂದು ದಾಟಿಸುವುದು ಸುಲಭ, ಅಲ್ವಾ? ಎಡ್ವರ್ಡ್ ಲಿಯರ್ ಅವರ 1846ರ ‘ಎ ಬುಕ್ ಆಫ್ ನಾನ್‌ಸೆನ್ಸ್’ ಹಾಗಲ್ಲ. ಮಕ್ಕಳು ಓದಿ ಓದಿ ಹರಿದು ಹಾಕಿದ್ದರಿಂದ ಉಳಿದದ್ದೇ ಕಡಿಮೆ. ಮಕ್ಕಳ ಪುಸ್ತಕ ಹೊಸದರಂತೆ ಉಳಿದಿದ್ದರೆ ಅದನ್ನು ಯಾರೂ ಅಷ್ಟಾಗಿ ಓದಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಮೊದಲ ಹಾಳೆಯಲ್ಲಿ ಯಾವುದೋ ಮಗು ಸೊಟ್ಟಪಟ್ಟ ಹೆಸರು ಬರೆದಿದ್ದರೆ ಬೆಲೆ ಇಳಿಯುತ್ತದೆ. ನಾನಂತೂ ಅಂಥದ್ದನ್ನು ಸಂತೋಷದಿಂದ ಕೊಳ್ಳುತ್ತೇನೆ. ಆದರೆ ಚಿತ್ರದ ಒಂದು ಹಾಳೆ ಹೋಗಿದ್ದರೂ ಬೇಡ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಿದ್ದರೂ ಬೇಡ. ಅದರ ಅಂಟು ಕಾಗದಕ್ಕೆ ಇಳಿದು ಕಂದು ಕಲೆ ಮಾಡುತ್ತದೆ, ಆಮೇಲೆ ಹೋಗುವುದೇ ಕಷ್ಟ.

ಈಗ ನಿನ್ನ ಮಿಲ್ನ್ ವಿಷಯ. ಇ. ಎಚ್. ಶೆಪರ್ಡ್ ಚಿತ್ರಗಳು ಈ ಪುಸ್ತಕದಲ್ಲಿ ಮೊದಲಿನಿಂದಲೇ ಇವೆ, ಹಾಗಾಗಿ ಪದ್ಯವೋ ಚಿತ್ರವೋ ಎಂಬ ಪ್ರಶ್ನೆ ಏಳುವುದಿಲ್ಲ. ಪ್ರಕಾಶಕರು ಲಂಡನ್ನಿನ ಮೆಥ್ಯುಎನ್ ಹೌದಾ ನೋಡು. ಆಮೇಲೆ ಶುರುವಿನ ಪುಟಗಳಿಗೆ ಹೋಗು. ಅಲ್ಲಿ ಪುಟಸಂಖ್ಯೆ ರೋಮನ್ ಅಂಕಿಯಲ್ಲಿದೆ. ತೀರಾ ಮೊದಲು ಅಚ್ಚಾದ ಪ್ರತಿಗಳಲ್ಲಿ ಒಂಬತ್ತನೆಯ (ix) ಪುಟಕ್ಕೆ ಸಂಖ್ಯೆ ಬಿದ್ದಿಲ್ಲ. ನೀನು ಕಳಿಸಿದ ಫೋಟೊಗಳಲ್ಲಿ ಆ ಪುಟವೇ ಇಲ್ಲ. ಕೇಳಿ ತರಿಸಿಕೋ.

ಜಾಕೆಟ್ ಇಲ್ಲದ್ದಕ್ಕೆ ಬೆಲೆ ಚೆನ್ನಾಗಿಯೇ ಇಳಿಯಬೇಕು. ‘ಜಾಕೆಟ್ ಹಾಕಿಸಿ ಕೊಡುತ್ತೇವೆ’ ಎಂದರೆ ಬೇಡ ಅನ್ನು, ಅದು ಹೆಚ್ಚಾಗಿ ಈಗ ಅಚ್ಚು ಮಾಡಿದ ನಕಲೇ ಆಗಿರುತ್ತದೆ. ಆ ಪುಟದ ಫೋಟೊ ಬಂದ ಕೂಡಲೇ ನನಗೂ ಕಳಿಸು. ಅಲ್ಲಿಯವರೆಗೆ ಮುಂಗಡ ಕೊಡಬೇಡ.

ನಿನ್ನ
ಅಪ್ಪ