ಹಾಜರಿ ಕೂಗುವ ಹೋಟೆಲ್: ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಎರಡು ಗಂಟೆ ದಂಡ, ಕಥೆಯೇ ಇಲ್ಲ, ಮುದುಕರೆಲ್ಲ ಸೇರಿ ಜೈಪುರದಲ್ಲಿ ಒಂದು ಮದುವೆ ಮುಗಿಸಿದರು ಅಷ್ಟೆ ಅಂತ ಬರೆದಿದ್ದೀಯ. ಮೊದಲು ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು, ಯಾಕೆಂದರೆ ಬ್ರಿಟನ್ನಿನ ಮುದುಕರು ಜೈಪುರದ ಹೋಟೆಲ್ಲೊಂದಕ್ಕೆ ಬಂದು ನೆಲೆಸುವ ಸಿನಿಮಾ 'ದಿ ಸೆಕೆಂಡ್ ಬೆಸ್ಟ್ ಎಕ್ಸಾಟಿಕ್ ಮ್ಯಾರಿಗೋಲ್ಡ್ ಹೋಟೆಲ್' ನೋಡು ಅಂತ ನಿನ್ನ ಬೆನ್ನು ಬಿದ್ದವನು ನಾನೇ ತಾನೆ. ಹಾಗಾಗಿ ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದು.

ಕಥೆ ತೆಳು ಅನ್ನೋದನ್ನು ಒಪ್ಪಿದೆ. ನೋಡಿದವರಲ್ಲಿ ಹತ್ತು ಜನರನ್ನು ಕೇಳಿದರೆ ಎಂಟು ಜನ ಇದನ್ನೇ ಹೇಳುತ್ತಾರೆ. ಹೋಟೆಲ್ಲಿನ ಮುದುಕರಲ್ಲೊಬ್ಬ ನಾರ್ಮನ್ ಕುಡಿದ ಮತ್ತಿನಲ್ಲಿ ಏನೋ ಬಡಬಡಿಸಿ, ಆಟೋದವನು ಅದನ್ನು ನಾರ್ಮನ್ನನ ಗೆಳತಿ ಕ್ಯಾರಲ್‌ಳನ್ನು ಮುಗಿಸುವ ಸುಪಾರಿ ಅಂದುಕೊಂಡ ಪ್ರಸಂಗ ಇದೆಯಲ್ಲ, ಅದನ್ನು ಪೂರ್ತಿ ಕತ್ತರಿಸಿ ಹಾಕಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೋಟೆಲ್ ನಡೆಸುವ ಸನ್ನಿಯಾಗಿ ದೇವ್ ಪಟೇಲ್ ಇದರಲ್ಲಿ ಜಾಸ್ತಿ ಕಿರುಚಾಡುತ್ತಾನೆ. ಮೊದಲ ಭಾಗದಲ್ಲಿ ಸನ್ನಿ ಪೆದ್ದನಾದರೂ ಮುದ್ದಾಗಿದ್ದ. ಇಲ್ಲಿ ಮದುವೆ ಆಗಬೇಕಾದ ಹುಡುಗಿಯನ್ನೇ ಮರೆತು ಎರಡನೇ ಹೋಟೆಲ್ಲು, ಪೈಪೋಟಿಗೆ ಬಿದ್ದ ಕುಶಾಲನ ಮೇಲಿನ ಹೊಟ್ಟೆಕಿಚ್ಚು ಅಂತ ಓಡಾಡುವಾಗ ಎರಡು ಬಾರಿಸಬೇಕು ಅನಿಸಿತು. ರಿಚರ್ಡ್ ಗೇರ್ ಯಾಕೆ ಬಂದ ಅಂತ ಕೇಳಿದ್ದೀಯ. ಚೆಂದ ಕಾಣೋದಕ್ಕೆ ಬಂದ, ಚೆಂದ ಕಂಡ, ಮುಗೀತು. ಆದರೂ ಸನ್ನಿಯ ಅಮ್ಮನಾಗಿ ಲಿಲ್ಲೆಟ್ ದುಬೆ ಅವನ ಎದುರು ಕೂತಾಗ, ಅಷ್ಟು ಬಿಗುಮಾನದ ಹೆಂಗಸು ಸ್ವಲ್ಪ ಸ್ವಲ್ಪವೇ ಸಡಿಲಾಗುವುದು ನನಗೆ ಇಷ್ಟವಾಯಿತು.

ನಿನ್ನ ಇನ್ನೊಂದು ದೂರು ಜೈಪುರ ಪೋಸ್ಟ್‌ಕಾರ್ಡಿನ ಹಾಗಿದೆ ಅಂತ. ಅದೂ ನಿಜ. ನಿನಗೆ ಒಂದು ವಿಷಯ ಗೊತ್ತಾ? ಇದಕ್ಕೆಲ್ಲ ಮೂಲ ಡೆಬೊರಾ ಮೊಗಾಕ್ 2004ರಲ್ಲಿ ಬರೆದ ಕಾದಂಬರಿ, ಅದರಲ್ಲಿ ಈ ಹೋಟೆಲ್ ಇರೋದು ಬೆಂಗಳೂರಿನಲ್ಲಿ! ಸಿನಿಮಾದವರು ಜೈಪುರಕ್ಕೆ ಸಾಗಿಸಿದರು, ಮತ್ತೆ ಹೋಟೆಲ್ ಅಂತ ತೋರಿಸಿದ ಕಟ್ಟಡ ಉದಯಪುರದ ಹತ್ತಿರದ ಖೇಂಪುರದಲ್ಲಿದೆ. ಬೆಂಗಳೂರಿನಲ್ಲೇ ಉಳಿಸಿಕೊಂಡಿದ್ದರೆ ಆನೆ, ಒಂಟೆ, ಅರಮನೆ ಎಲ್ಲಿಂದ ತರೋದು ಅಲ್ವಾ. ಟ್ರಾಫಿಕ್ಕಿನಲ್ಲಿ ಕೂತ ಜೂಡಿ ಡೆಂಚ್‌ಳನ್ನು ಯಾರು ದುಡ್ಡು ಕೊಟ್ಟು ನೋಡುತ್ತಾರೆ (ನಾನಂತೂ ನೋಡುತ್ತಿದ್ದೆ).

ಆದರೆ ನನಗೆ ಚುಚ್ಚಿದ್ದು ಇದ್ಯಾವುದೂ ಅಲ್ಲ ಮಾರಾಯ, ದುಡ್ಡಿನ ವಿಷಯ. ಮೊದಲ ಭಾಗ ನೆನಪು ಮಾಡಿಕೋ. ಎವೆಲಿನ್ (ಜೂಡಿ ಡೆಂಚ್) ಗಂಡ ಸಾಲ ಬಿಟ್ಟು ಸತ್ತಿದ್ದ, ಮನೆ ಮಾರಿ ಬಂದವಳು ಅವಳು. ಡಗ್ಲಸ್ ಮತ್ತು ಜೀನ್ ದಂಪತಿ ಉಳಿತಾಯವನ್ನೆಲ್ಲ ಮಗಳ ಕಂಪನಿಗೆ ಹಾಕಿ ಬರಿಗೈ ಆದವರು. ಮ್ಯೂರಿಯಲ್ (ಮ್ಯಾಗಿ ಸ್ಮಿತ್) ಸೊಂಟದ ಆಪರೇಷನ್ನಿಗೆ ಬಂದವಳು. ಅಂದರೆ ಭಾರತ ಅವರಿಗೆ ಕನಸಿನ ಊರೇನೂ ಆಗಿರಲಿಲ್ಲ, ಸ್ವಂತ ದೇಶದಲ್ಲಿ ಮುದುಕರಾಗಲು ದುಡ್ಡು ಸಾಲದೆ ಬಂದಿದ್ದರು. ಎರಡನೇ ಭಾಗದಲ್ಲಿ ಆ ಚಿಂತೆಯೇ ಮಾಯ. ನಿಜದಲ್ಲಿ ಹೇಗೆ ಅಂದರೆ, ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಭಾರತಕ್ಕೆ ಬಂದು ನೆಲೆಸಿದರೆ ಬಂದಾಗ ಎಷ್ಟಿತ್ತೋ ಅಷ್ಟಕ್ಕೇ ಆ ಮೊತ್ತ ನಿಂತುಬಿಡುತ್ತದೆ. ಅಲ್ಲೇ ಉಳಿದವರಿಗೆ ವರ್ಷ ವರ್ಷ ಏರುತ್ತದೆ, ಅಮೆರಿಕಕ್ಕೆ ಹೋದವರಿಗೂ ಏರುತ್ತದೆ, ಭಾರತಕ್ಕೆ ಬಂದವರಿಗೆ ಏರುವುದಿಲ್ಲ. ನಿವೃತ್ತರಿಗೆ ಅಂತ ನಮ್ಮ ದೇಶದಲ್ಲಿ ಬೇರೆ ವೀಸಾ ಕೂಡ ಇಲ್ಲ. ಸಿನಿಮಾದಲ್ಲಿ ಎಂಬತ್ತರ ಹತ್ತಿರದ ಎವೆಲಿನ್ ಬಟ್ಟೆ ಖರೀದಿಯ ಕೆಲಸಕ್ಕೆ ಸೇರುತ್ತಾಳೆ, ಡಗ್ಲಸ್ ಪ್ರವಾಸಿಗರಿಗೆ ಊರು ತೋರಿಸುತ್ತಾನೆ, ಅವನಿಗೆ ವಿವರವೇ ನೆನಪಿರದೆ ಒಬ್ಬ ಹುಡುಗ ಕಿವಿಯೊಳಗಿನ ಇಯರ್‌ಫೋನಿಗೆ ಸಾಲು ಸಾಲಾಗಿ ಹೇಳಿಕೊಡಬೇಕು. ಥಿಯೇಟರಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅನಿಸಿತು, ಇವರು ಖುಷಿಗೆ ದುಡಿಯುತ್ತಿದ್ದಾರೋ ಅಥವಾ ಹೊಟ್ಟೆಪಾಡಿಗೋ? ಆ ಒಂದು ಪ್ರಶ್ನೆ ಕೇಳಿದ್ದರೆ ಚಿತ್ರಕ್ಕೆ ಬೆನ್ನುಮೂಳೆ ಇರುತ್ತಿತ್ತು. ಸುಮ್ನೆ ದಾಟಿಸಿಬಿಟ್ಟರು.

ಲೆಕ್ಕ ನೋಡಿದರೆ ಜನರಿಗೂ ವ್ಯತ್ಯಾಸ ಗೊತ್ತಾಗಿದೆ. 2012ರಲ್ಲಿ ಬಂದ ಮೊದಲನೆಯದು ಸುಮಾರು 13 ಕೋಟಿ ಡಾಲರ್ ಮೀರಿ ಗಳಿಸಿತ್ತು. 2015ರ ಈ ಎರಡನೆಯದು 8 ಕೋಟಿ ಚಿಲ್ಲರೆ. ಹಾಕಿದ ದುಡ್ಡು ಒಂದೊಂದಕ್ಕೂ ಒಂದು ಕೋಟಿ ಡಾಲರಿನ ಆಸುಪಾಸು, ಹಾಗಾಗಿ ನಷ್ಟವೇನೂ ಇಲ್ಲ ಬಿಡು.

ಇಷ್ಟೆಲ್ಲ ಬೈದು ಮತ್ತೆ ಯಾಕೆ ನೋಡು ಅಂದೆ? ಮ್ಯೂರಿಯಲ್‌ಗಾಗಿ. ಮ್ಯಾಗಿ ಸ್ಮಿತ್‌ಗಾಗಿ.

ಶುರುವಿನಲ್ಲೇ ಅಮೆರಿಕದಲ್ಲಿ ಎರಡನೇ ಹೋಟೆಲ್ಲಿಗೆ ದುಡ್ಡು ಕೇಳಲು ಹೋದವಳು ಬೆಚ್ಚಗಿನ ನೀರಿಗೆ ಟೀ ಬ್ಯಾಗ್ ಅದ್ದಿ ಕೊಟ್ಟವರಿಗೆ ಪಾಠ ಮಾಡುತ್ತಾಳಲ್ಲ, ಚಹಾ ಅಂದರೆ ಕುದಿಯುವ ನೀರು ಬೇಕು ಅಂತ. ಆ ಗೊಣಗಾಟ ನೋಡಿ ಇಡೀ ಸಿನಿಮಾ ಹೀಗೇ ಇರುತ್ತೆ ಅಂದುಕೊಂಡೆ. ಆಮೇಲೆ ಅವಳು ಡಾಕ್ಟರ ಹತ್ತಿರ ಹೋಗಿ ಬರುತ್ತಾಳೆ. ಅಲ್ಲಿ ಏನಾಯಿತು ಅಂತ ಯಾರಿಗೂ ಹೇಳುವುದಿಲ್ಲ. ಮದುವೆಯ ಗದ್ದಲದಲ್ಲಿ ಎಲ್ಲರೂ ಕುಣಿಯುತ್ತಾ ಇರುವಾಗ ಅವಳು ಪಕ್ಕದಲ್ಲಿ ಕೂತು ನೋಡುತ್ತಾಳೆ. ಆ ಮುಖವನ್ನು ಗಮನಿಸಿದ್ದೀಯಾ? ಅಳು ಇಲ್ಲ, ನಗುವೂ ಇಲ್ಲ, ಲೆಕ್ಕ ಚುಕ್ತಾ ಮಾಡಿದವರ ಮುಖ. ಕೊನೆಗೆ ಸನ್ನಿಗೆ ಬರೆದ ಕಾಗದ ಅವಳ ದನಿಯಲ್ಲೇ ಕೇಳಿಸುತ್ತದೆ. ನೀನು ಅಷ್ಟು ಹೊತ್ತಿಗೆ ಫೋನ್ ನೋಡುತ್ತಿದ್ದೆ ಅಂತ ನನಗೆ ಅನುಮಾನ.

ಜೂಡಿ ಡೆಂಚೂ ಮ್ಯಾಗಿ ಸ್ಮಿತ್ತೂ ಒಂದೇ ತಿಂಗಳಲ್ಲಿ ಹುಟ್ಟಿದವರು, 1934ರ ಡಿಸೆಂಬರ್ 9 ಮತ್ತು 28. ಹತ್ತೊಂಬತ್ತು ದಿನದ ಅಂತರ. ಸಿನಿಮಾದಲ್ಲೂ ಆ ಹತ್ತೊಂಬತ್ತು ದಿನದ ಮೇಲೆ ಒಂದು ತಮಾಷೆ ಬರುತ್ತದೆ. ಚಿತ್ರ ಬಿಡುಗಡೆಯಾದಾಗ ಇಬ್ಬರಿಗೂ ಎಂಬತ್ತು ತುಂಬಿತ್ತು. ಅವರಿಬ್ಬರು ಅಕ್ಕಪಕ್ಕ ಕೂತು ಮಾತಾಡುವ ದೃಶ್ಯಗಳಿಗೆ ಕಥೆ ಯಾಕೆ ಬೇಕು ಹೇಳು. ಈಗ ಇನ್ನೊಂದು ಸಲ ನೋಡಿದಾಗ ಬೇರೆಯೇ ಆಯಿತು. ನಾರ್ಮನ್ ಆಗಿದ್ದ ರೊನಾಲ್ಡ್ ಪಿಕಪ್ 2021ರಲ್ಲಿ ಹೋದ. ಮೊದಲ ಭಾಗದ ಗ್ರಹಾಂ, ಟಾಮ್ ವಿಲ್ಕಿನ್ಸನ್, 2023ರ ಕೊನೆಯಲ್ಲಿ. ಮ್ಯಾಗಿ ಸ್ಮಿತ್ 2024ರ ಸೆಪ್ಟೆಂಬರಿನಲ್ಲಿ.

ಅದಕ್ಕೇ ಸನ್ನಿ ಬೆಳಗ್ಗೆ ಬೆಳಗ್ಗೆ ಹಾಜರಿ ಕೂಗುವ ದೃಶ್ಯ ನನ್ನನ್ನು ಬಿಡುತ್ತಿಲ್ಲ. ರಾತ್ರಿ ಯಾರಾದರೂ ಹೋಗಿಬಿಟ್ಟರಾ ಅಂತ ತಿಳಿಯೋದಕ್ಕೆ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾನೆ, ಅವರು ಗೊಣಗಿಕೊಂಡೇ ಇದ್ದೀವಪ್ಪ ಅನ್ನುತ್ತಾರೆ. ಕ್ರೂರ ತಮಾಷೆ ಅಂತ ನೀನು ಬರೆದಿದ್ದೀಯ. ನನಗೆ ಹಾಗೆ ಅನಿಸಲಿಲ್ಲ. ನಾನು ದಿನಾ ಬೆಳಗ್ಗೆ ಏಳಕ್ಕೆ ಅಮ್ಮನಿಗೆ ಫೋನ್ ಮಾಡಿ "ಎದ್ಯಾ ಅಮ್ಮ?" ಅಂತ ಕೇಳುತ್ತೇನೆ. ಹತ್ತು ವರ್ಷದಿಂದ ಇದೇ ಪ್ರಶ್ನೆ. ಮೂರನೇ ರಿಂಗಿಗೂ ಎತ್ತದಿದ್ದರೆ ನನ್ನ ಕೈ ತಣ್ಣಗಾಗುತ್ತದೆ. ಎತ್ತಿದ ಕೂಡಲೇ ಅಮ್ಮನೂ ಗೊಣಗುತ್ತಾಳೆ, ಅದೇ ಮ್ಯೂರಿಯಲ್ ಧಾಟಿಯಲ್ಲಿ.

ಕಥೆ ಇಲ್ಲ ಅಂತ ಬೇಕಾದರೆ ಇನ್ನೂ ನಾಲ್ಕು ಸಲ ಬೈಯಿ, ತಕರಾರಿಲ್ಲ. ಕೊನೆಯ ಹದಿನೈದು ನಿಮಿಷ ಮಾತ್ರ ಇನ್ನೊಮ್ಮೆ ನೋಡು, ಫೋನ್ ಪಕ್ಕದ ರೂಮಲ್ಲಿಟ್ಟು. ಆಮೇಲೂ ದಂಡ ಅನಿಸಿದರೆ ಹೇಳು, ಟಿಕೆಟ್ ದುಡ್ಡು ವಾಪಸ್ ಕೊಡುತ್ತೇನೆ. ನಾಳೆ ಅಮ್ಮನ ಫೋನ್ ಮುಗಿಸಿ ನಿನಗೂ ಒಂದು ಮಾಡುತ್ತೇನೆ. ಎತ್ತು.

ನಿನ್ನವನೇ